ಒಲೆಯ ಆರೋಗ್ಯ, ಕಾಡಿನ ಆಯುಷ್ಯ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಒಲೆ ದುರಸ್ತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾಡಿನ ಕುರಿತು ನಡೆಯುವ ನಮ್ಮ ಸಭೆಗಳಲ್ಲಿ ಒಲೆಯ ಪ್ರಸ್ತಾಪ ಬರುವುದು ಅಪರೂಪ. ಗಣಿ, ಅಣೆಕಟ್ಟು, ಏಕಜಾತಿಯ ನೆಡುತೋಪು ಇವುಗಳ ಬಗ್ಗೆ ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ, ಚರ್ಚಿಸಲೇಬೇಕು. ಆದರೆ ದಿನಕ್ಕೆರಡು ಹೊತ್ತು ನಮ್ಮ ಮನೆಯೊಳಗೇ ಕಾಡಿನ ಒಂದಂಶವನ್ನು ಬೂದಿ ಮಾಡುವ ಒಲೆ ಸರಿಯಾಗಿದೆಯೇ ಎಂದು ಕೇಳುವವರು ಕಡಿಮೆ. ಇಂದು ನಾನು ಮಾತನಾಡಬೇಕಾದ ವಿಷಯ ಸಣ್ಣದು. ಒಲೆಯ ಯಾವ ಭಾಗವನ್ನು ಯಾವಾಗ ಬದಲಾಯಿಸಬೇಕು, ಆ ಕಾಲ ಬಂದಿತೆಂದು ತಿಳಿಯುವುದು ಹೇಗೆ ಎಂಬುದಷ್ಟೇ. ಸಣ್ಣ ವಿಷಯವಾದರೂ ಇದರ ಮೇಲೆ ನಮ್ಮ ಅಡುಗೆಮನೆಯ ಹೆಣ್ಣುಮಕ್ಕಳ ಶ್ವಾಸಕೋಶವೂ ನಮ್ಮ ಬೆಟ್ಟದ ಮರಗಳೂ ನಿಂತಿವೆ ಎಂಬುದನ್ನು ತೋರಿಸಲು ಪ್ರಯತ್ನಿಸುತ್ತೇನೆ.

ಕಟ್ಟಿದ ಒಲೆಗಳು, ಉಳಿದ ಒಲೆಗಳು

ಮಲೆನಾಡಿನ ಮನೆಯಲ್ಲಿ ಒಲೆ ಒಂದೇ ಅಲ್ಲ. ಅಡುಗೆಮನೆಯ ಒಲೆ, ಬಚ್ಚಲುಮನೆಯ ಹಂಡೆ ಒಲೆ, ದನಕರುಗಳಿಗೆ ಗಂಜಿ ಬೇಯಿಸುವ ಒಲೆ, ಕೊಯ್ಲಿನ ಕಾಲಕ್ಕೆ ಹೊತ್ತುವ ಅಡಿಕೆ ಬೇಯಿಸುವ ದೊಡ್ಡ ಒಲೆ ಹೀಗೆ ಹಲವು. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಅನಿಲದ ಸಿಲಿಂಡರು ಅನೇಕ ಬಡ ಮನೆಗಳಿಗೂ ಬಂದಿದೆ. ಅದು ಒಳ್ಳೆಯದೇ. ಆದರೂ ಹಂಡೆಯ ನೀರು ಕಾಯುವುದು, ಅಡಿಕೆ ಬೇಯುವುದು ಬಹುಪಾಲು ಸೌದೆಯಿಂದಲೇ. ಸಿಲಿಂಡರು ಮುಗಿದ ವಾರ ಅಡುಗೆಯೂ ಸೌದೆ ಒಲೆಗೇ ಮರಳುತ್ತದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆ. ಅಷ್ಟು ಬೆಟ್ಟವಿದ್ದೂ ಎಷ್ಟೋ ಕಡೆ ಸೊಪ್ಪಿಗೆ, ಸೌದೆಗೆ ದೂರ ನಡೆಯಬೇಕಾದ ಸ್ಥಿತಿ ಬಂದಿರುವುದು ನಿಮಗೆ ತಿಳಿದ ವಿಷಯವೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ಹಳ್ಳಿಗಳ ಬದುಕಿಗೆ ವಿಜ್ಞಾನ, ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಗುರಿಯಾಗಿತ್ತು. 1980ರ ದಶಕದ ಆರಂಭದಲ್ಲಿ ಅಲ್ಲಿ ರೂಪುಗೊಂಡದ್ದೇ ಅಸ್ತ್ರ ಒಲೆ. ಅದರ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯ ಶಾಖವೆಲ್ಲವೂ ನೀರಿಗೇ ಸೇರುವುದಾದರೆ ಸುಮಾರು 45 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರಬೇಕು. ಮೂರು ಕಲ್ಲಿನ ಒಲೆಯಲ್ಲಿ ಆ ಶಾಖದ ನೂರಕ್ಕೆ 10ರಿಂದ 15 ಭಾಗ ಮಾತ್ರ ಪಾತ್ರೆಗೆ ತಲುಪುವುದರಿಂದ ಐದಾರು ಲೀಟರ್ ಕುದಿದರೆ ಹೆಚ್ಚು. ಉಳಿದ ಶಾಖ ಗಾಳಿಗೆ, ಗೋಡೆಗೆ, ಹೊಗೆಗೆ ಹೋಗುತ್ತದೆ. ಜಾಲರಿ, ಮುಚ್ಚಿದ ಬೆಂಕಿಗೂಡು, ಸಾಲಾಗಿ ಕುಳಿತ ಪಾತ್ರೆಗಳು, ಹೊಗೆ ಕೊಳವೆ ಇವುಳ್ಳ ಅಸ್ತ್ರ ಒಲೆ ಪ್ರಯೋಗಶಾಲೆಯಲ್ಲಿ ನೂರಕ್ಕೆ 40ರ ಆಸುಪಾಸಿನ ದಕ್ಷತೆಯನ್ನು ತೋರಿತು. ಮನೆಯ ಬಳಕೆಯಲ್ಲಿ ಇದು ಸ್ವಲ್ಪ ತಗ್ಗಿದರೂ ಸೌದೆ ಅರ್ಧಕ್ಕಿಳಿಯುವುದು ಅಸಾಧ್ಯವೇನಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದೂ ಅದೇ ವರ್ಷ. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಮಿಕ್ಕಿ ಒಲೆಗಳನ್ನು ಕಟ್ಟಲಾಗಿತ್ತು. ಕಟ್ಟಿದ ಒಲೆಗಳ ಲೆಕ್ಕವನ್ನು ಇಟ್ಟರು. ಆದರೆ ಐದು ವರ್ಷಗಳ ನಂತರ ಉರಿಯುತ್ತಿದ್ದ ಒಲೆಗಳನ್ನು ಎಣಿಸುವ ಶ್ರದ್ಧೆ ಅದೇ ಪ್ರಮಾಣದಲ್ಲಿ ಇರಲಿಲ್ಲ.

ಈ ಪ್ರಶ್ನೆಗೆ ಉತ್ತರ ಕೊಟ್ಟ ಒಂದು ಅಧ್ಯಯನ ಒಡಿಶಾದ ಹಳ್ಳಿಗಳಲ್ಲಿ ನಡೆಯಿತು. ರೇಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಸುಮಾರು 2,600 ಮನೆಗಳನ್ನು ನಾಲ್ಕು ವರ್ಷಗಳ ಕಾಲ ಗಮನಿಸಿ, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ವರ್ಷ ಕೊಳವೆಯುಳ್ಳ ಒಲೆಯಿಂದ ಅಡುಗೆ ಮಾಡುವವರ ಎದೆಗೆ ಸೇರುವ ಹೊಗೆ ಗಣನೀಯವಾಗಿ ತಗ್ಗಿತು. ಅನಂತರದ ವರ್ಷಗಳಲ್ಲಿ ಆ ಲಾಭ ಉಳಿಯಲಿಲ್ಲ. ಒಲೆಗಳನ್ನು ಕ್ರಮವಾಗಿ ಬಳಸಲಿಲ್ಲ, ಕೆಟ್ಟ ಭಾಗಗಳನ್ನು ಸರಿಪಡಿಸಲಿಲ್ಲ, ಕ್ರಮೇಣ ಜನ ಅವನ್ನು ಬಿಟ್ಟರು. ಒಲೆಯ ವಿನ್ಯಾಸವೊಂದೇ ಸಾಲದು, ಅದನ್ನು ಕಾಯ್ದುಕೊಳ್ಳುವ ಕ್ರಮವೂ ಬೇಕು ಎಂಬುದೇ ಅದರ ತಾತ್ಪರ್ಯ. ಇಂದಿನ ನನ್ನ ಮಾತಿನ ಸಾರವೂ ಅದೇ.

ಒಲೆ ಉಸಿರಾಡುವ ಬಗೆ

ಒಲೆ ಒಮ್ಮೆಲೇ ಕೆಡುವುದಿಲ್ಲ. ಭಾಗ ಭಾಗವಾಗಿ, ನಮಗೆ ಅರಿವಾಗದಷ್ಟು ನಿಧಾನವಾಗಿ ಕೆಡುತ್ತದೆ. ಯಾವ ಭಾಗ ಕೆಟ್ಟಿದೆ ಎಂದು ತಿಳಿಯಲು ಒಲೆ ಹೇಗೆ ಉಸಿರಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಕೆಳಗಿನ ಬೂದಿಗುಂಡಿಯಿಂದ ಗಾಳಿ ಒಳಬರುತ್ತದೆ. ಜಾಲರಿಯ ಸಂದುಗಳ ಮೂಲಕ ಏರಿ ಕೆಂಡವನ್ನು ಉರಿಸುತ್ತದೆ. ಉರಿ ಮೊದಲ ಪಾತ್ರೆಯ ತಳಕ್ಕೆ ಬಡಿದು, ಹೊಗೆದಾರಿಯಲ್ಲಿ ಸಾಗಿ, ಮುಂದಿನ ಪಾತ್ರೆಗಳಿಗೂ ಶಾಖ ಕೊಟ್ಟು, ಕಡೆಗೆ ಕೊಳವೆಯ ಮೂಲಕ ಮಾಡಿನ ಮೇಲೆ ಹೊರಬೀಳುತ್ತದೆ. ಇದನ್ನೆಲ್ಲ ಎಳೆಯುವ ಶಕ್ತಿ ಕೊಳವೆಯೊಳಗಿನ ಬಿಸಿಗಾಳಿಯದು. ಅದು ಹೊರಗಿನ ಗಾಳಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ, ಮೇಲೇರುವಾಗ ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈ ದಾರಿಯಲ್ಲಿ ಒಂದೆಡೆ ಕಟ್ಟಿಕೊಂಡರೆ ಹೊಗೆ ಹಿಂದಿರುಗುತ್ತದೆ. ಒಂದೆಡೆ ಬಿರುಕು ಬಿಟ್ಟರೆ ತಣ್ಣಗಿನ ಗಾಳಿ ಅಡ್ಡದಾರಿಯಲ್ಲಿ ನುಗ್ಗಿ ಸೆಳೆತವನ್ನು ಕುಂದಿಸುತ್ತದೆ. ಒಲೆಯ ರೋಗಗಳೆಲ್ಲ ಬಹುಮಟ್ಟಿಗೆ ಈ ಎರಡರಲ್ಲೇ ಅಡಗಿವೆ.

ಮೊದಲು ಲಕ್ಷಣಗಳನ್ನು ನೋಡೋಣ. ಎಂದಿನ ಅನ್ನಕ್ಕೆ ಎಂದಿಗಿಂತ ಹೆಚ್ಚು ಸೌದೆ ಬೇಕಾಗುವುದು. ಎಸರು ಕುದಿಯಲು ತಡವಾಗುವುದು. ಸೌದೆ ತೂರುವ ಬಾಯಿಂದಲೋ ಪಾತ್ರೆಯ ಸುತ್ತಲಿಂದಲೋ ಹೊಗೆ ಬರುವುದು. ಬೂದಿಯಲ್ಲಿ ಉರಿಯದೆ ಉಳಿದ ಇದ್ದಲು ಹೆಚ್ಚುವುದು. ಎರಡನೆಯ ಪಾತ್ರೆ ಕಾಯದಿರುವುದು. ಅಡುಗೆಮನೆಯ ಜಂತಿಯಲ್ಲಿ ಇಲ್ಲಣ ಬೇಗ ಬೇಗ ತೂಗಾಡುವುದು. ಇವುಗಳಲ್ಲಿ ಯಾವುದು ಕಂಡರೂ ಒಲೆಯನ್ನು ಪರೀಕ್ಷಿಸುವ ಕಾಲ ಬಂದಿತೆಂದು ತಿಳಿಯಬೇಕು.

ಆದರೆ ಒಲೆಯನ್ನು ದೂರುವ ಮುನ್ನ ಸೌದೆಯನ್ನು ನೋಡಿ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥ ಹತ್ತು ಕಿಲೋ ಸೌದೆಯನ್ನು ಒಲೆಗೆ ಹಾಕಿದವರು ಐದು ಲೀಟರ್ ನೀರನ್ನು ಕಾಯಿಸಿ ಆವಿ ಮಾಡಿ ಆಕಾಶಕ್ಕೆ ಬಿಟ್ಟಂತೆಯೇ. ಒಣ ಸೌದೆಯಲ್ಲೂ ಹೊಗೆ ನಿಲ್ಲದಿದ್ದರೆ, ಗಾಳಿಯಿಲ್ಲದ ದಿನದಲ್ಲೂ ಹೊಗೆ ಹಿಂದಿರುಗಿದರೆ ಆಗ ದೋಷ ಒಲೆಯಲ್ಲಿದೆ.

ಇನ್ನೊಂದು ವಿವೇಕವೂ ಬೇಕು. ಪ್ರತಿ ದೋಷಕ್ಕೂ ಹೊಸ ಭಾಗ ಬೇಕಿಲ್ಲ. ಕೆಲವಕ್ಕೆ ಶುಚಿ ಮಾಡಿದರೆ ಸಾಕು, ಕೆಲವಕ್ಕೆ ಮಣ್ಣು ಮೆತ್ತಿದರೆ ಸಾಕು, ಕೆಲವನ್ನು ಮಾತ್ರ ಬದಲಿಸಲೇಬೇಕು. ಈ ಮೂರನ್ನು ಬೇರ್ಪಡಿಸಿ ನೋಡುವುದೇ ಇಂದು ಕಲಿಯಬೇಕಾದ ವಿದ್ಯೆ.

ಜಾಲರಿ

ಒಲೆಯಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ಜಾಲರಿ. ಅದು ಬೀಡು ಕಬ್ಬಿಣದ್ದು. ಅದರ ಮೇಲೆ ಕೆಂಡವಿರುತ್ತದೆ, ಕೆಳಗೆ ಗಾಳಿ ಹರಿಯುತ್ತದೆ. ಆ ಗಾಳಿಯೇ ಜಾಲರಿಯನ್ನು ತಣಿಸುವುದು. ಬೂದಿಗುಂಡಿ ತುಂಬಿ ಗಾಳಿ ನಿಂತರೆ ಕಬ್ಬಿಣ ಎರಡೂ ಬದಿಯಿಂದ ಕಾದು ಕೆಂಪಗಾಗಿ, ನಡು ಬಾಗಿ, ಹೊಪ್ಪಳಿಕೆಯಾಗಿ ಉದುರುತ್ತದೆ. ಆದ್ದರಿಂದ ದಿನವೂ ಬೂದಿ ತೆಗೆಯುವುದು ಜಾಲರಿಯ ಆಯುಷ್ಯವನ್ನು ಹೆಚ್ಚಿಸುವ ಅತಿ ಸುಲಭ ಉಪಾಯ. ಕಾದ ಜಾಲರಿಯ ಮೇಲೆ ನೀರೆರಚಿ ಬೆಂಕಿ ಆರಿಸುವ ಅಭ್ಯಾಸವನ್ನೂ ಬಿಡಬೇಕು. ಬೀಡು ಕಬ್ಬಿಣ ಥಟ್ಟನೆ ತಣಿದರೆ ಸೀಳುತ್ತದೆ.

ಪರೀಕ್ಷೆ ಹೀಗೆ. ಒಲೆ ತಣ್ಣಗಿರುವಾಗ ಜಾಲರಿಯನ್ನು ಹೊರತೆಗೆದು, ಮಡಕೆ ಕೊಳ್ಳುವಾಗ ಬಾರಿಸಿ ನೋಡುವಂತೆ ಒಂದು ಕೋಲಿನಿಂದ ಬಾರಿಸಿ. ಗಟ್ಟಿ ಜಾಲರಿ ಟಣ್ಣೆನ್ನುತ್ತದೆ. ಸೀಳಿದ್ದರೆ ಒಡಕು ದನಿ ಬರುತ್ತದೆ. ಅದರ ಮೇಲೊಂದು ನೇರ ಕಡ್ಡಿಯನ್ನು ಅಡ್ಡ ಇಟ್ಟು ನಡು ಎಷ್ಟು ಜಗ್ಗಿದೆ ನೋಡಿ. ಒಂದು ಬೆರಳಿನಷ್ಟು ಜಗ್ಗಿದ್ದರೆ, ಒಂದು ಸರಳು ಮುರಿದಿದ್ದರೆ, ಸಂದು ಅಗಲವಾಗಿ ಹೊತ್ತಿದ ಕೆಂಡವೇ ಕೆಳಗೆ ಬೀಳುತ್ತಿದ್ದರೆ ಬದಲಾಯಿಸುವ ಕಾಲ ಬಂದಿತು. ಮುರಿದ ಜಾಗಕ್ಕೆ ಗುಜರಿ ಕಂಬಿಯನ್ನು ತುರುಕುವುದರಿಂದ ಉಪಯೋಗವಿಲ್ಲ. ತೆಳು ಕಂಬಿ ಬೇಗ ಸುಟ್ಟುಹೋಗುತ್ತದೆ.

ಹೊಸ ಜಾಲರಿ ಕೂರಿಸುವಾಗ ಗೋಡೆಗೆ ಬಿಗಿಯಾಗಿ ಮಣ್ಣು ಮೆತ್ತಬೇಡಿ. ಒಂದಡಿ ಉದ್ದದ ಕಬ್ಬಿಣ ಕೆಂಪಗೆ ಕಾದಾಗ ಸುಮಾರು ಎರಡು ಮಿಲಿಮೀಟರ್ ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಜಾಗ ಸಿಗದಿದ್ದರೆ ಒಂದೋ ಜಾಲರಿ ಬಾಗುತ್ತದೆ, ಇಲ್ಲವೇ ಬೆಂಕಿಗೂಡಿನ ಗೋಡೆ ಬಿರಿಯುತ್ತದೆ. ಜಾಲರಿ ಸಡಿಲವಾಗಿ, ಎತ್ತಿ ತೆಗೆಯಲು ಬರುವಂತೆ ಕುಳಿತಿರಬೇಕು.

ಬೆಂಕಿಗೂಡು ಮತ್ತು ಪಾತ್ರೆಯ ಪೀಠ

ಬೆಂಕಿಗೂಡಿನ ಒಳಮೈ ಮಣ್ಣಿನದು. ಹೊಸ ಒಲೆ ಒಣಗುವಾಗ ಕೂದಲೆಳೆಯಂಥ ಬಿರುಕು ಬರುವುದು ಸಹಜ. ತೆಳುವಾಗಿ ಕಲಸಿದ ಮಣ್ಣನ್ನು ಸವರಿದರೆ ಮುಚ್ಚುತ್ತದೆ. ಉಗುರು ಒಳಹೋಗುವಷ್ಟು ಬಿರುಕಾದರೆ ಅದನ್ನು ಕೆರೆದು ಅಗಲ ಮಾಡಿ, ನೀರು ಚಿಮುಕಿಸಿ, ಹುತ್ತದ ಮಣ್ಣು, ಮರಳು, ಸಗಣಿ, ಭತ್ತದ ಹೊಟ್ಟು ಸೇರಿಸಿ ಹದವಾಗಿ ಕಲಸಿದ ಮಣ್ಣಿನಿಂದ ತುಂಬಬೇಕು. ಬಿರುಕು ಗೋಡೆಯನ್ನು ಸೀಳಿ ಹೊರಬದಿಗೂ ಕಾಣಿಸಿದರೆ, ಕೈಯಿಂದ ತಳ್ಳಿದಾಗ ಇಟ್ಟಿಗೆ ಅಲುಗಿದರೆ, ಮೇಲೆ ಮೆತ್ತುವುದರಿಂದ ಪ್ರಯೋಜನವಿಲ್ಲ. ಆ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಬೇಕು.

ಇಲ್ಲಿ ಬಹಳ ಮಂದಿ ಸಿಮೆಂಟಿನ ಮೊರೆ ಹೋಗುತ್ತಾರೆ. ಗಟ್ಟಿಯಾಗಿ ಕಾಣುವುದರಿಂದ ಅದು ಉತ್ತಮವೆಂಬ ನಂಬಿಕೆ. ಸಾಮಾನ್ಯ ಸಿಮೆಂಟಿಗೆ ಬಲ ಕೊಡುವ ಅಂಶಗಳು 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ವಿಘಟನೆಗೊಳ್ಳುತ್ತವೆ. ತಣಿದ ಮೇಲೆ ಅದು ಗಾಳಿಯ ತೇವ ಹೀರಿ ಉಬ್ಬಿ ಪುಡಿಯಾಗುತ್ತದೆ. ಬೆಂಕಿಗೂಡಿನ ಶಾಖ ಅದಕ್ಕಿಂತ ಹೆಚ್ಚು. ಒಲೆಯ ಹೊರಮೈಗೆ ಸಿಮೆಂಟ್ ಆದೀತು, ಬೆಂಕಿ ತಾಗುವಲ್ಲಿ ಮಣ್ಣೇ ಸರಿ.

ಒಳಮೈ ಉದುರುತ್ತಾ ಹೋದಂತೆ ಬೆಂಕಿಗೂಡು ದೊಡ್ಡದಾಗುತ್ತದೆ, ಉರಿ ಪಾತ್ರೆಯಿಂದ ದೂರವಾಗುತ್ತದೆ. ಇದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಇದಕ್ಕೊಂದು ಉಪಾಯವಿದೆ. ಒಲೆ ಹೊಸದಾಗಿರುವಾಗಲೇ ಜಾಲರಿಯಿಂದ ಪಾತ್ರೆಯ ತಳದವರೆಗಿನ ಎತ್ತರವನ್ನೂ ಗೂಡಿನ ಅಗಲವನ್ನೂ ಒಂದು ಬಿದಿರು ಕಡ್ಡಿಯಲ್ಲಿ ಕಚ್ಚು ಹಾಕಿ ಗುರುತಿಸಿ, ಅಡುಗೆಮನೆಯ ಮಾಡಿಗೆ ಸಿಕ್ಕಿಸಿಡಿ. ಆರು ತಿಂಗಳಿಗೊಮ್ಮೆ ಆ ಅಳತೆಕಡ್ಡಿಯಿಂದ ನೋಡಿದರೆ ಒಲೆ ಎಷ್ಟು ಸವೆದಿದೆ ಎಂಬುದು ತಿಳಿಯುತ್ತದೆ.

ಪಾತ್ರೆ ಕೂರುವ ಪೀಠದ ಪರೀಕ್ಷೆಯೂ ಸುಲಭ. ರಾತ್ರಿ ಒಲೆ ಪೂರ್ತಿ ತಣಿದಾಗ ಬೆಂಕಿಗೂಡಿನೊಳಗೆ ಒಂದು ಟಾರ್ಚ್ ಹೊತ್ತಿಸಿಟ್ಟು, ಪಾತ್ರೆಗಳನ್ನು ಕೂರಿಸಿ, ಅಡುಗೆಮನೆಯ ದೀಪ ಆರಿಸಿ. ಪಾತ್ರೆಯ ಸುತ್ತ ಎಲ್ಲಿ ಬೆಳಕು ಕಾಣುತ್ತದೆಯೋ ಅಲ್ಲೆಲ್ಲ ನಾಳೆ ಹೊಗೆ ಬರುತ್ತದೆ. ಸಣ್ಣ ಸಂದಾದರೆ ಮಣ್ಣು ಮೆತ್ತಿ, ಅದು ಹಸಿ ಇರುವಾಗಲೇ ಪಾತ್ರೆಯನ್ನು ತಿರುಗಿಸಿ ಒತ್ತಿದರೆ ಪೀಠ ಸರಿಯಾಗುತ್ತದೆ. ಮನೆಯ ಪಾತ್ರೆಯೇ ಬದಲಾಗಿದ್ದರೆ, ಹೊಸ ಪಾತ್ರೆಯ ಅಳತೆಗೆ ಪೀಠವನ್ನು ಮತ್ತೆ ಮಾಡಬೇಕು.

ಹೊಗೆದಾರಿ, ಕೊಳವೆ, ಟೋಪಿ

ಎರಡನೆಯ ಪಾತ್ರೆ ಕಾಯದಿದ್ದರೆ ಮೊದಲು ಹೊಗೆದಾರಿಗೆ ಕೈ ಹಾಕಿ ಮಸಿ, ಬೂದಿ ತೆಗೆಯಿರಿ. ಮಸಿ ಶಾಖವನ್ನು ತಡೆಯುವ ಕಂಬಳಿಯಿದ್ದಂತೆ. ಶುಚಿ ಮಾಡಿದ ಮೇಲೂ ಹಾಗೆಯೇ ಇದ್ದರೆ ದಾರಿಯೊಳಗಿನ ಮಣ್ಣು ಕುಸಿದಿರಬಹುದು.

ಕೊಳವೆಯ ವಿಷಯದಲ್ಲಿ ಒಂದು ಲೆಕ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಾಲ್ಕು ಇಂಚು ಒಳ ವ್ಯಾಸದ ಕೊಳವೆಯ ಒಳಮೈಗೆ ಸುತ್ತಲೂ ಅರ್ಧ ಇಂಚು ಮಸಿ ಕಟ್ಟಿದರೆ ವ್ಯಾಸ ಮೂರು ಇಂಚಿಗಿಳಿಯುತ್ತದೆ. ಆದರೆ ಹೊಗೆ ಹೋಗುವ ಜಾಗ ಮುಕ್ಕಾಲಿಗಲ್ಲ, ನೂರಕ್ಕೆ 56ಕ್ಕೆ ಇಳಿಯುತ್ತದೆ. ಅರ್ಧ ಇಂಚು ಮಸಿ ಅರ್ಧದಷ್ಟು ಕೊಳವೆಯನ್ನೇ ನುಂಗಿದಂತಾಯಿತು. ಒಣ ಪುಡಿ ಮಸಿಯಾದರೆ ಉದ್ದ ಬಿದಿರಿಗೆ ತೆಂಗಿನ ನಾರಿನ ಉಂಡೆ ಕಟ್ಟಿ ಎಳೆದರೆ ಉದುರುತ್ತದೆ. ಕೊಳವೆಯ ಒಳಮೈ ಡಾಂಬರು ಬಳಿದಂತೆ ಹೊಳೆಯುತ್ತಿದ್ದರೆ ಎಚ್ಚರ ಬೇಕು. ಅದು ಹಸಿ ಸೌದೆಯ ಹೊಗೆ ತಣ್ಣಗಿನ ಕೊಳವೆಯಲ್ಲಿ ಹೆಪ್ಪುಗಟ್ಟಿದ ಜಿಡ್ಡು. ಅದಕ್ಕೇ ಬೆಂಕಿ ಹತ್ತಿಕೊಳ್ಳಬಹುದು. ಕೊಳವೆ ಭೋರೆಂದು ಸದ್ದು ಮಾಡಿ, ಕೆಂಪಗೆ ಕಾದು, ಮಾಡಿನ ಮರವನ್ನೋ ಸೋಗೆಯನ್ನೋ ಸುಡಬಹುದು. ಹೀಗೆ ಜಿಡ್ಡು ಗಟ್ಟಿಯಾಗಿ ಅಂಟಿದ ಕೊಳವೆಯನ್ನು ಬದಲಿಸುವುದೇ ಲೇಸು. ಜೊತೆಗೆ ಸೌದೆ ಒಣಗಿಸುವ ಕ್ರಮವನ್ನೂ ಬದಲಿಸದಿದ್ದರೆ ಹೊಸ ಕೊಳವೆಯೂ ಹಾಗೆಯೇ ಆಗುತ್ತದೆ.

ತಗಡಿನ ಕೊಳವೆಗೆ ನಮ್ಮ ಮಳೆಯೇ ದೊಡ್ಡ ಶತ್ರು. ಮಾಡನ್ನು ದಾಟುವ ಜಾಗದಲ್ಲಿ, ಮೊಣಕೈ ತಿರುವಿನಲ್ಲಿ, ಜೋಡಣೆಯ ಕಡೆ ಮೊದಲು ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣ ನೋಡಿ ಮೋಸ ಹೋಗಬೇಡಿ, ತುಕ್ಕು ಒಳಗಿನಿಂದ ತಿನ್ನುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ತಗಡು ತಗ್ಗಿದರೆ, ಮೊಳೆಯ ತುದಿ ಸುಲಭವಾಗಿ ತೂರಿದರೆ, ಒಳಗೆ ಟಾರ್ಚ್ ಹಿಡಿದಾಗ ನಕ್ಷತ್ರಗಳಂತೆ ತೂತುಗಳು ಮಿನುಗಿದರೆ ಆ ತುಂಡನ್ನು ಬದಲಿಸಬೇಕು. ಇಡೀ ಕೊಳವೆಯನ್ನಲ್ಲ, ಕೆಟ್ಟ ತುಂಡನ್ನು ಮಾತ್ರ.

ಹಳೆಯ ಒಲೆಗಳಲ್ಲಿ ಕಲ್ನಾರು ಸಿಮೆಂಟಿನ ಕೊಳವೆಗಳಿವೆ. ಅವು ಬಿರುಕು ಬಿಟ್ಟರೆ ಗರಗಸ ಹಾಕುವುದು, ಸುತ್ತಿಗೆಯಿಂದ ಒಡೆಯುವುದು, ಒಣಗಿದ ಪುಡಿಯನ್ನು ಗುಡಿಸುವುದು ಕೂಡದು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಸೇರಿ ವರ್ಷಗಳ ನಂತರ ಕ್ಯಾನ್ಸರನ್ನೂ ತರಬಲ್ಲದು. ನೀರಿನಿಂದ ಚೆನ್ನಾಗಿ ತೋಯಿಸಿ, ಮೂಗುಬಾಯಿ ಮುಚ್ಚಿಕೊಂಡು, ಇಡಿಯಾಗಿಯೇ ಇಳಿಸಿ, ಮಕ್ಕಳು ಆಡದ ಜಾಗದಲ್ಲಿ ಆಳವಾಗಿ ಹೂಳಬೇಕು.

ಕೊಳವೆಯ ತುದಿಯ ಟೋಪಿಯನ್ನು ಎಲ್ಲರೂ ಮರೆಯುತ್ತಾರೆ. ಬೇಸಿಗೆಯ ಗಾಳಿಮಳೆಯಲ್ಲಿ ಅದು ಹಾರುತ್ತದೆ, ಮಂಗಗಳು ಕಿತ್ತೆಸೆಯುತ್ತವೆ, ಬಳಸದ ಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟುತ್ತದೆ. ಟೋಪಿಯಿಲ್ಲದ ಕೊಳವೆಯಿಂದ ಮಳೆನೀರು ನೇರವಾಗಿ ಒಲೆಯೊಳಗೆ ಇಳಿದು ಮಣ್ಣನ್ನು ಕರಗಿಸುತ್ತದೆ. ಒಂದು ತುಂಡು ತಗಡಿನ ಉದಾಸೀನದಿಂದ ಇಡೀ ಒಲೆ ಹಾಳಾಗುವುದು ಹೀಗೆ.

ಹಂಡೆ ಒಲೆ, ಅಡಿಕೆ ಒಲೆ

ಹಂಡೆ ಒಲೆಗೆ ಎಷ್ಟೋ ಮನೆಗಳಲ್ಲಿ ಕೊಳವೆಯೂ ಇಲ್ಲ, ಜಾಲರಿಯೂ ಇಲ್ಲ. ಹೇಗಿದ್ದರೂ ಕುಂಟೆ ತುರುಕಿದರಾಯಿತು ಎಂಬ ಭಾವನೆ. ಒಲೆಯನ್ನು ಸುಧಾರಿಸುವಾಗ ಮೊದಲು ಇದರಿಂದಲೇ ಆರಂಭಿಸುವುದು ನ್ಯಾಯ. ಹಂಡೆಯ ಕತ್ತಿನ ಸುತ್ತಲಿನ ಮಣ್ಣು ಬಿಟ್ಟುಕೊಂಡರೆ ಉರಿ ಮೇಲೆದ್ದು ವ್ಯರ್ಥವಾಗುತ್ತದೆ. ಬೆಂಕಿಯಲ್ಲಿ ಆಗಾಗ ಸುಂಯ್ ಎಂಬ ಸದ್ದು ಕೇಳಿದರೆ ಹಂಡೆಯ ತಳ ತೆಳುವಾಗಿ ಜಿನುಗುತ್ತಿದೆ ಎಂದರ್ಥ.

ಅಡಿಕೆ ಬೇಯಿಸುವ ಒಲೆ ವರ್ಷದಲ್ಲಿ ಕೆಲವೇ ವಾರ ಉರಿದರೂ, ಉರಿಯುವಾಗ ದಿನವಿಡೀ ಉರಿಯುತ್ತದೆ. ಆದ್ದರಿಂದ ಅದರ ಜಾಲರಿ, ಗೋಡೆಗಳನ್ನು ಕೊಯ್ಲಿನ ನಡುವೆ ನೋಡುವುದಲ್ಲ, ಭೂಮಿ ಹುಣ್ಣಿಮೆಯ ಹೊತ್ತಿಗೇ ನೋಡಿಡಬೇಕು. ಮನೆಯ ಉಳಿದ ಒಲೆಗಳಿಗೆ ವರ್ಷಕ್ಕೆರಡು ಪರೀಕ್ಷೆ ಸಾಕು. ಮೃಗಶಿರಾ ಮಳೆ ಹಿಡಿಯುವ ಮೊದಲು ಕೊಳವೆ, ಟೋಪಿ, ಮಾಡಿನ ಸಂದು. ಮಳೆಗಾಲ ಮುಗಿದ ಮೇಲೆ ಜಾಲರಿ, ಬೆಂಕಿಗೂಡು, ಪೀಠ.

ಕಾಣದ ಅಪಾಯ

ಹೊಗೆ ಕಣ್ಣಿಗೆ ಕಾಣುತ್ತದೆ, ಕಣ್ಣುರಿಸುತ್ತದೆ. ಆದರೆ ಅರೆಬರೆ ಉರಿದ ಸೌದೆಯಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಕೆಂಡ ತುಂಬಿದ ಒಲೆಯಿರುವ, ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಇದರ ಅಪಾಯ ಹೆಚ್ಚು. ಒಲೆಯ ಬಳಿ ಇದ್ದಾಗ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವಿಕೆ ಬಂದು, ಅಂಗಳಕ್ಕೆ ಬಂದ ಮೇಲೆ ಕಡಿಮೆಯಾದರೆ ಅದನ್ನು ಪಿತ್ತವೆಂದು ತಳ್ಳಿಹಾಕಬೇಡಿ. ಕೂಡಲೇ ಹೊರಗೆ ಬನ್ನಿ, ಬಾಗಿಲು ಕಿಟಕಿ ತೆರೆಯಿರಿ, ಕೊಳವೆ ಕಟ್ಟಿದೆಯೇ ನೋಡುವವರೆಗೆ ಆ ಒಲೆ ಹೊತ್ತಿಸಬೇಡಿ. ಯಾರಾದರೂ ಎಚ್ಚರ ತಪ್ಪಿದ್ದರೆ ಹೊರಗೆ ತಂದು ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಅಕಾಲಿಕವಾಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಕೊಳವೆ, ಜಾಲರಿಗಳ ಮಾತು ಕ್ಷುಲ್ಲಕವೆಂದು ತೋರಿದಾಗ ಈ ಸಂಖ್ಯೆಯನ್ನು ನೆನೆಯಬೇಕು.

ಅನಿಲದ ಒಲೆಯೂ ಒಲೆಯೇ. ನೀಲಿ ಉರಿ ಹಳದಿಗೆ ತಿರುಗಿ ಪಾತ್ರೆಗೆ ಮಸಿ ಹಿಡಿಯತೊಡಗಿದರೆ ಬರ್ನರಿನ ತೂತುಗಳು ಕಟ್ಟಿವೆ. ಶುಚಿ ಮಾಡಿದರೂ ಸರಿಹೋಗದಿದ್ದರೆ ಬರ್ನರು ಬದಲಿಸಬೇಕು. ರಬ್ಬರು ಕೊಳವೆಯನ್ನು ಬಗ್ಗಿಸಿದಾಗ ಬಿರುಕು ಕಂಡರೆ, ಇಲಿ ಕಚ್ಚಿದ್ದರೆ, ಅದರ ಮೇಲೆ ಮುದ್ರಿಸಿದ ಅವಧಿ ಮುಗಿದಿದ್ದರೆ ಕೂಡಲೇ ಹೊಸದನ್ನು ಹಾಕಬೇಕು. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಕಡ್ಡಿ ಗೀರಿ ಪರೀಕ್ಷಿಸುವ ದುಸ್ಸಾಹಸ ಎಂದಿಗೂ ಬೇಡ.

ಯಾರು ತೀರ್ಮಾನಿಸಬೇಕು?

ಒಲೆ ಕೆಟ್ಟಿರುವುದು ಮೊದಲು ತಿಳಿಯುವುದು ಅದರ ಮುಂದೆ ಕೂರುವವರಿಗೆ. ಸೌದೆ ಹೆಚ್ಚು ಬೇಕಾಗುತ್ತಿದೆ, ಕಣ್ಣು ಉರಿಯುತ್ತಿದೆ ಎಂದು ಅಮ್ಮನೋ ಅತ್ತೆಯೋ ಸೊಸೆಯೋ ಹೇಳುತ್ತಾರೆ. ಆದರೆ ಪೇಟೆಗೆ ಹೋಗಿ ಜಾಲರಿ ತರುವವರು, ಹಣ ಎತ್ತಿಕೊಡುವವರು ಬೇರೆ. ಈ ಇಬ್ಬರ ನಡುವೆ ಮಾತು ಸಾಗದೆ ಎಷ್ಟೋ ಒಲೆಗಳು ಕೆಡುತ್ತವೆ. ಪಂಪಿನ ವಾಶರ್ ಹೋದರೆ ಅದೇ ದಿನ ಪೇಟೆಗೆ ಓಡುವ ಮನೆ, ಮುರಿದ ಜಾಲರಿಯ ಮೇಲೆ ಎರಡು ವರ್ಷ ಅಡುಗೆ ಮಾಡಿಸುತ್ತದೆ. ಹೊಗೆ ಕುಡಿಯುವವರು ಮತ್ತು ಸೌದೆ ಹೊರುವವರು ದೂರು ಹೇಳಿ ಹೇಳಿ ಸುಮ್ಮನಾಗಿರುತ್ತಾರೆ, ಅಷ್ಟೇ. ಆ ಮೌನವನ್ನು ಒಲೆ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯೆಂದು ತಿಳಿಯಬಾರದು. ಒಲೆಯ ಯಾವ ಭಾಗ ಬದಲಾಗಬೇಕೆಂದು ತೀರ್ಮಾನಿಸುವ ಹಕ್ಕು ಒಲೆ ಉರಿಸುವವರದೇ ಆಗಬೇಕು.

ಎರಡನೆಯ ತೊಡಕು ಬಿಡಿಭಾಗಗಳದು. ಒಲೆ ಕಟ್ಟಿದವರು ಮತ್ತೆ ಬರುವುದಿಲ್ಲ, ಸರಿಯಾದ ಅಳತೆಯ ಜಾಲರಿ ಹತ್ತಿರದ ಅಂಗಡಿಯಲ್ಲಿ ಸಿಗುವುದಿಲ್ಲ. ಇದಕ್ಕೆ ಊರಿನ ಮಟ್ಟದಲ್ಲಿ ಪರಿಹಾರ ಸಾಧ್ಯ. ಒಂದು ಊರಿನ ಒಲೆಗಳನ್ನು ಒಂದೇ ಅಳತೆಯ ಜಾಲರಿಗೆ ಹೊಂದಿಸಿ ಕಟ್ಟಿದರೆ, ಸಹಕಾರ ಸಂಘದಲ್ಲೋ ಸ್ತ್ರೀಶಕ್ತಿ ಸಂಘದಲ್ಲೋ ನಾಲ್ಕಾರು ಜಾಲರಿ, ಒಂದೆರಡು ಕೊಳವೆಯ ತುಂಡು, ಟೋಪಿಗಳನ್ನು ದಾಸ್ತಾನು ಇಡಬಹುದು. ಊರಿನ ಇಬ್ಬರು ಒಲೆ ದುರಸ್ತಿ ಕಲಿತರೆ ಹೊರಗಿನವರಿಗೆ ಕಾಯಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಊರಿನ ಹತ್ತು ಮನೆಗಳ ಒಲೆಗಳಿಗೆ ಒಂದು ನೋಟ್‌ಪುಸ್ತಕ ಇಡಿ. ಒಲೆ ಕಟ್ಟಿದ ವರ್ಷ, ಜಾಲರಿ ಹಾಕಿದ ತಿಂಗಳು, ಕೊಳವೆ ಗುಡಿಸಿದ ದಿನ ಇವನ್ನು ಬರೆಯಿರಿ. ಪ್ರತಿ ಒಲೆಯಲ್ಲಿ ಅದೇ ಪಾತ್ರೆಯಲ್ಲಿ ಐದು ಲೀಟರ್ ನೀರು ಕುದಿಸಿ, ತೂಗಿದ ಒಣ ಸೌದೆ ಎಷ್ಟು ಬೇಕಾಯಿತು, ಎಷ್ಟು ನಿಮಿಷ ಹಿಡಿಯಿತು ಎಂದು ದಾಖಲಿಸಿ. ಆರು ತಿಂಗಳ ನಂತರ ಮತ್ತೆ ಮಾಡಿ. ಸೌದೆಯ ತೂಕ ಏರಿದ್ದರೆ ಇಂದು ಹೇಳಿದ ಕ್ರಮದಲ್ಲಿ ಜಾಲರಿಯಿಂದ ಟೋಪಿಯವರೆಗೆ ಒಂದೊಂದನ್ನೇ ನೋಡುತ್ತಾ ಹೋಗಿ. ಕಾರಣ ಸಿಕ್ಕೇ ಸಿಗುತ್ತದೆ. ಹತ್ತು ಮನೆಗಳ ಆ ದಾಖಲೆಯಿಂದ, ಸರಕಾರಿ ಯೋಜನೆಗಳು ಕಟ್ಟಿದ ಒಲೆಗಳ ಲೆಕ್ಕದಲ್ಲಿ ಕಾಣದ ಸತ್ಯ ಕಾಣುತ್ತದೆ.

ಒಲೆ ಕೆಟ್ಟಾಗ ನಮ್ಮ ಮನೆಗೆ ಯಾವ ಬಿಲ್ಲೂ ಬರುವುದಿಲ್ಲ. ಅದರ ಬೆಲೆಯನ್ನು ಬೆಟ್ಟದಲ್ಲಿ ಮರ ತೆರುತ್ತದೆ, ಬೆಟ್ಟದಿಂದ ಮನೆಯವರೆಗೆ ಹೊರೆ ಹೊತ್ತ ಬೆನ್ನು ತೆರುತ್ತದೆ, ಒಲೆಯ ಮುಂದೆ ಕುಳಿತ ಎದೆ ತೆರುತ್ತದೆ. ಬಿಲ್ಲು ಬಾರದ ಖರ್ಚನ್ನು ನಾವು ಖರ್ಚೆಂದೇ ಎಣಿಸುವುದಿಲ್ಲ. ಈ ಶಿಬಿರದಿಂದ ಮನೆಗೆ ಹೋದವರು ಇಂದು ರಾತ್ರಿಯೇ ಒಲೆ ತಣಿದ ಮೇಲೆ ಬೂದಿಗುಂಡಿ ತೆರೆದು ನೋಡಿ, ಒಂದು ಟಾರ್ಚ್ ಹಿಡಿದು ಕೊಳವೆಯೊಳಗೆ ಕಣ್ಣು ಹಾಯಿಸಿ. ಮಳೆ ಹಿಡಿಯುವ ಮೊದಲು ಏನು ಬದಲಾಗಬೇಕು ಎಂಬುದನ್ನು ಆ ಒಲೆ ಉರಿಸುವವರನ್ನೇ ಕೇಳಿ ಬರೆದುಕೊಳ್ಳಿ.